ಗಂಟಿ ಸೀಲಪ್ಪ ಹೆಚ್ಚಿಗಿ ಹಾಕಿದ ಒಂದು ಹಳ್ಳು

ಭಾಳ ಹಿಂದಿನ ಮಾತು. ನಮ್ಮಜ್ಜನ ಅಜ್ಜ ಇನ್ನಾ ತೊಟ್ಟಿಲಾಗ ಇದ್ದನೋ ಇಲ್ಲೋ, ಯಾರಿಗೆ ಗೊತ್ತು. ಬಿಳೇಬಾಳ ಅನ್ನೋ ಒಂದು ಊರಾಗ ಮೂವತ್ತು ಮನಿ ನೇಕಾರರ ಕೇರಿ ಇತ್ತು. ಮೂವತ್ತೂ ಮನಿ ಯೇಸುಸ್ವಾಮಿಗೆ ನಡಕೊಳ್ಳೋ ಮಂದಿ. ಕೇರಿ ನಡುವ ಒಂದು ಸಣ್ಣ ದೇವಾಲಯ, ಅದರ ಮುಂದ ಕಟ್ಟಿ ಮ್ಯಾಲ ಒಂದು ಗಂಟಿ. ಆ ಗಂಟಿ ಬಾರಿಸೋನು ಸೀಲಪ್ಪ.

ಏನು ಗಂಟಿ ಅಂತೀರಿ! ಏಳೂರಿಗೆ ಕೇಳತಿತ್ತಂತ. ನಾಕು ಮಂದಿ ಎತ್ತೋ ಗಂಟೀನ ಸೀಲಪ್ಪ ಒಬ್ಬನ ಹೆಗಲ ಮ್ಯಾಲ ಹೊರತಿದ್ದನಂತ. ಅವರಪ್ಪ ಸಾಯೋಮುಂದ ಹಗ್ಗ ಕೈಯಾಗ ಕೊಟ್ಟು, ವಾರ ತಪ್ಪಸಬ್ಯಾಡ ಮಗನ ಅಂದಿದ್ದನಂತ. ಮಳಿ ಬರಲಿ, ಜ್ವರ ಬರಲಿ, ಸೀಲಪ್ಪ ಒಂದು ಐತವಾರ ತಪ್ಪಿಸಿದವನಲ್ಲ. ನಿಮಗ ಕಿವ್ಯಾಗ ಮೊಬೈಲ್ ಕೂಗಿದ್ರೂ ಎಚ್ಚರಾಗಂಗಿಲ್ಲ, ಬಿಡ್ರಿ.

ಸೀಲಪ್ಪಗ ಒಬ್ಬ ಅಣ್ಣ, ಗಿದ್ಯೋನಪ್ಪ. ಕೇರಿಯೊಳಗ ಓದು ಬಲ್ಲವ ಅವನೊಬ್ಬನ. ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು, ಬಾಜೂಕ ಸತ್ಯವೇದ ತೆರೆದಿಟ್ಟುಕೊಂಡು, ಒಮ್ಮೆ ಲಾಳಿ ಒಗದ್ರ ಒಂದು ಸಾಲು ಓದತಿದ್ದನಂತ. ಹಂಗ ಓದತಾ ಓದತಾ ಒಂದಿನ ಲಾಳಿ ನಿಲ್ಲಿಸಿಬಿಟ್ಟ. ದೇವರು ಆರು ದಿನ ದುಡದು ಏಳನೇ ದಿನ ವಿಶ್ರಾಂತಿ ತಗೊಂಡ, ಆ ಸಬ್ಬತ್ ದಿನಾನ ಪವಿತ್ರ ಮಾಡ್ರಿ ಅಂತ ಮೋಶೆಗೆ ಕಲ್ಲಿನ ಮ್ಯಾಲ ಬರದು ಕೊಟ್ಟ. ಏಳನೇದು ಶನಿವಾರ, ಐತವಾರ ಒಂದನೇದು. ಹಂಗಾದ್ರ ನಾವ್ಯಾಕ ಐತವಾರ ಕೂಡತೀವಿ, ಬದಲಿ ಮಾಡಿದವರ್ಯಾರು, ಎಲ್ಲಿ ಬರದೈತಿ ತೋರಸ್ರಿ ಅಂತ ಮನಿಮನಿ ಕೇಳಕೋತ ಹೊಂಟ.

ಯಾರು ತೋರಸ್ಯಾರು? ತಿಂಗಳಿಗೊಮ್ಮೆ ಕುದರಿ ಮ್ಯಾಲ ಬರೋ ಪಾದ್ರಿ ಅಯ್ಯನೋರನ್ನ ಕೇಳಿದ್ರು. ಅಯ್ಯನೋರು ಖರೇ ಮನಷ್ಯಾ. ಸ್ವಾಮಿ ಸಮಾಧಿಯಿಂದ ಎದ್ದದ್ದು ವಾರದ ಮೊದಲನೇ ದಿನ, ಶಿಷ್ಯರು ರೊಟ್ಟಿ ಮುರಿಯಾಕ ಕೂಡಿದ್ದೂ ಮೊದಲನೇ ದಿನ, ಅಷ್ಟು ಬರದೈತಿ, ಅದಕ್ಕ ನಾವು ಐತವಾರ ಮಾಡತೀವಿ; ಶನಿವಾರ ಬಿಡ್ರಿ ಅನ್ನೋ ಅಪ್ಪಣಿ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ ಅಂತ ಹೇಳಿ ಕುದರಿ ಹತ್ತಿದ್ರಂತ. ಅವರು ಹೋದದ್ದ ತಡ, ಕೇರಿ ಎರಡಾತು. ಹದಿನೈದು ಮನಿ ಶನಿವಾರದ್ದು, ಹದಿನೈದು ಮನಿ ಐತವಾರದ್ದು. ಶನಿವಾರ ಇವರು ಪ್ರಾರ್ಥನಿಗೆ ಕುಂತ್ರ ಅವರ ಮಗ್ಗ ಖಟ್ ಖಟ್. ಐತವಾರ ಅವರು ಕುಂತ್ರ ಇವರ ಮಗ್ಗ ಖಟ್ ಖಟ್. ಸ್ವಾಮಿ ಯಾರ ಮಾತು ಕೇಳಬೇಕು, ಪಾಪ!

ನಡುವ ಸಿಕ್ಕವ ಸೀಲಪ್ಪ. ಒಡಹುಟ್ಟಿದ ಅಣ್ಣ ಒಂದು ಕಡೆ, ಅಪ್ಪ ಕೊಟ್ಟ ಹಗ್ಗ ಒಂದು ಕಡೆ. ಕಡೀಕ ಎರಡೂ ದಿನ ಬಾರಿಸಾಕ ಹತ್ತಿದ. ಎರಡೂ ಕಡೆಯವರು ಬೈದ್ರು. ಬೈಸಿಕೊಂಡ, ಬಾರಿಸಿದ.

ಅಂಥಾದರಾಗ ದೊಡ್ಡ ಬ್ಯಾನಿ ಬಂತು. ಮನಿಮನ್ಯಾಗ ಇಲಿ ಬಿದ್ದು ಸಾಯಾಕ ಹತ್ತಿದ್ವು. ಊರಿಗೆ ಊರ ಹೊರಗ ಬಿದ್ದು ಹೊಲದಾಗ ಗುಡಸಲಾ ಹಾಕ್ಕೊಂಡಿತು. ಕೇರಿ ಮಂದಿ ಹಳ್ಳದ ದಂಡಿಗೆ ಹೋದ್ರು. ಸೀಲಪ್ಪ ಗಂಟಿ ಹೊತ್ತು ಒಯ್ದು ಬನ್ನಿಗಿಡಕ್ಕ ಕಟ್ಟಿದ. ಅಲ್ಲಿ ಸಂತಿ ಇಲ್ಲ, ಪಂಚಾಂಗ ಇಲ್ಲ, ಬರೋರಿಲ್ಲ, ಹೋಗೋರಿಲ್ಲ. ಸೀಲಪ್ಪ ದಿನಾ ಹೊತ್ತು ಮೂಡೋಮುಂದ ಒಂದು ಹಳ್ಳು, ಹಳ್ಳದಾಗಿನ ಸಣ್ಣ ಕಲ್ಲು, ಗಡಿಗ್ಯಾಗ ಹಾಕತಿದ್ದ. ಏಳಾದ ಕೂಡಲೆ ಸುರುವಿ ಮತ್ತ ಮೊದಲಿಂದ. ಆ ಗಡಿಗಿ ನಂಬಿ ಮೂವತ್ತು ಮನಿ ಮಂದಿ ಮೊಣಕಾಲೂರತಿತ್ತು ಅಂತ ಹೇಳತಾರ.

ಅಲ್ಲೇ ಗಿದ್ಯೋನಪ್ಪನ ಮೊಮ್ಮಗಳಿಗೆ ಮೈ ಸುಡೋ ಜ್ವರ ಬಂತು. ಎಲ್ಲಾರೂ ಆಸೆ ಬಿಟ್ರು. ಸೀಲಪ್ಪ ಶನಿವಾರದ ಗಂಟಿ ಬಾರಿಸಿದ, ಹದಿನೈದು ಮನಿ ಉಪಾಸ ಕುಂತು ಪ್ರಾರ್ಥನಿ ಮಾಡಿದ್ವು. ಹೊತ್ತು ಮುಣಗೋದರಾಗ ಕೂಸು ಕಣ್ಣು ಬಿಟ್ಟು ಗಂಜಿ ಬೇಡಿತು. ನೋಡ್ರಿ, ದೇವರೇ ಸಾಕ್ಷಿ ಹೇಳ್ಯಾನ, ಶನಿವಾರ ಕೇಳ್ಯಾನ ಅಂತ ಗಿದ್ಯೋನಪ್ಪ ಎದಿ ತಟಗೊಂಡ.

ಮೂರು ತಿಂಗಳಿಗೆ ಬ್ಯಾನಿ ಇಳೀತು. ಡಂಗುರ ಹೊಡದ್ರು, ಮಂದಿ ತಿರುಗಿ ಬಂತು, ಗಂಟಿ ಮತ್ತ ಕಟ್ಟಿ ಏರಿತು. ಕೇರ್ಯಾಗ ಒಂದು ಹೆಣ ಬಿದ್ದಿರಲಿಲ್ಲ. ಆದ್ರ ಗಿದ್ಯೋನಪ್ಪ, ದೇವರು ಇಷ್ಟು ಹೇಳಿದ ಮ್ಯಾಲ ಇವರ ಜೋಡಿ ಇರೋದಿಲ್ಲ, ಹದಿನೈದು ಮನಿ ಬ್ಯಾರೆ ಊರಿಗೆ ಹೋಗತೀವಿ, ಐತವಾರ ಮುಂಜಾನೆ ಗಾಡಿ ಹೂಡತೀವಿ ಅಂದ. ಸೀಲಪ್ಪಗ ಅನ್ನ ಇಳೀಲಿಲ್ಲ. ಕೇರಿ ಒಡದ್ರ ಒಡೀಲಿ, ಅಣ್ಣ ಹೋದ್ರ ಯಾರನ್ನ ಅಣ್ಣಾ ಅನ್ನಲಿ ಅಂತ ಹೇಂತಿ ಮುಂದ ಅತ್ತನಂತ.

ಆ ಐತವಾರ ಬಂತು. ಕೆಳಗ ಗಾಡಿಗೆ ಮಗ್ಗ ಹೇರತಿದ್ರು. ಸೀಲಪ್ಪ ಬಾರಿಸಾಕಂತ ಕಟ್ಟಿ ಹತ್ತಿ ಹಗ್ಗ ಹಿಡದ. ಅಲ್ಲಿಂದ ದೊಡ್ಡ ದಾರಿ ಕಾಣತಿತ್ತು. ದಾರಿ ತುಂಬ ಉಳ್ಳಾಗಡ್ಡಿ ಚೀಲದ ಗಾಡಿ, ಆಡು ಹೊಡಕೊಂಡು ಬರೋರು, ಬುಟ್ಟಿ ಹೊತ್ತ ಹೆಣಮಕ್ಕಳು. ಎಲ್ಲಾರೂ ಬ್ಯಾನಿ ಮುಗದ ಮ್ಯಾಲಿನ ಮೊದಲನೇ ಸಂತಿಗೆ ಹೊಂಟಾರ. ಬಿಳೇಬಾಳದ ಸಂತಿ ಎಂದಿದ್ರೂ ಶನಿವಾರ! ಹಗ್ಗ ಹಿಡದ ಕೈ ಅಲ್ಲೇ ನಿಂತಿತು.

ಹೇಂತಿ ಮಾರ್ಥವ್ವನ್ನ ಕರದು ತೋರಿಸಿದ. ಆಕಿ ನೆನಸಿಕೊಂಡು ಎಲ್ಲಾ ಹೇಳಿದ್ಲು. ಹಳ್ಳದ ದಂಡಿಗೆ ಹೋದ ಹೊಸದಾಗ ಸೀಲಪ್ಪ ಮುಂಜಾನೆ ಹಳ್ಳು ಹಾಕಿ, ಜ್ವರದಾಗ ಹಗಲೆಲ್ಲಾ ಮಲಗಿ ಸಂಜೀಕ ಎದ್ದಿದ್ದ. ಕೆಂಪು ಮುಗಲು ನೋಡಿ ಬೆಳಗಾತು ಅಂತ ಗಡಿಗಿ ಕಡೆ ಹೋಗಿದ್ದ. ಜ್ವರದ ಮಬ್ಬು ಅಂತ ಆಕಿ ಸುಮ್ನಿದ್ಲು. ಒಂದ ದಿನಕ್ಕ ಎರಡು ಹಳ್ಳು ಬಿದ್ದಿದ್ವು.

“ಬ್ಯಾನಿ ಸಲವಾಗಿ ಸಂತಿ ಐತವಾರಕ್ಕ ಹಾಕ್ಯಾರ ಅಂದುಬಿಡ್ರಿ. ಯಾರು ಕೇಳತಾರ?” ಅಂದ್ಲು ಮಾರ್ಥವ್ವ. ಗಂಡನ ಮಾನ ಕಾಯೋ ಮಾತು, ತಪ್ಪಂತ ನಾ ಅನ್ನಂಗಿಲ್ಲ. ಸೀಲಪ್ಪ ಅಪ್ಪನ್ನ ನೆನಸಿಕೊಂಡ. ಹಗ್ಗ ಬಿಚ್ಚಿ ಹೆಗಲಿಗೆ ಹಾಕ್ಕೊಂಡ, ಕಟ್ಟಿ ಇಳದ, ಗಾಡಿ ಮುಂದ ಹೋಗಿ ನಿಂತ.

“ಅಣ್ಣಾ, ಎತ್ತು ಬಿಚ್ಚು. ಇವತ್ತು ಶನಿವಾರ.”

ಪ್ರಾರ್ಥನಿಗೆ ಬಂದವರೂ, ಗಾಡಿ ಹೇರಿದವರೂ ಅವನ ಮಾರಿ ನೋಡಿದ್ರು. ಸೀಲಪ್ಪ ಒಂದೂ ಮುಚ್ಚಿಡಲಿಲ್ಲ. ಒಂದು ಹಳ್ಳು ಹೆಚ್ಚಿಗಿ ಹಾಕೀನಿ, ತಪ್ಪು ನಂದು, ಇವರು ಐತವಾರ ಅಂತ ಕುಂತದ್ದೆಲ್ಲಾ ಶನಿವಾರ, ನೀವು ಶನಿವಾರ ಅಂತ ಕುಂತದ್ದು ಶುಕ್ರವಾರ ಅಂದ.

“ಹಂಗಾದ್ರ ನನ್ನ ಮೊಮ್ಮಗಳಿಗೆ ಜೀವ ಬಂದದ್ದು?” ಅಂದ ಗಿದ್ಯೋನಪ್ಪ.

“ಶುಕ್ರವಾರ, ಅಣ್ಣಾ.”

ಗಿದ್ಯೋನಪ್ಪ ನೊಗದ ಮ್ಯಾಲ ಕುಂತುಬಿಟ್ಟ. ಐತವಾರದವರೊಳಗ ಯಾರೋ ಕಿಸಕ್ಕಂತ ನಕ್ಕರು. “ನೀವೇನು ನಗತೀರೋ, ಮೂರು ತಿಂಗಳು ನನ್ನ ಶನಿವಾರ ಮಾಡೀರಿ” ಅಂದು ಗಿದ್ಯೋನಪ್ಪನೂ ನಗಾಕ ಹತ್ತಿದ. ನಕ್ಕೂ ನಕ್ಕೂ ಕಣ್ಣಾಗ ನೀರು ಬಂತಂತ. ಗಾಡ್ಯಾಗಿನ ಸತ್ಯವೇದ ತಗದು, ಎಷ್ಟೋ ಸಲ ಓದಿ ದಾಟಿ ಹೋಗಿದ್ದ ಸಂತ ಪೌಲ ಬರದ ಮಾತು ಎಲ್ಲಾರಿಗೂ ಓದಿ ಹೇಳಿದ. ಒಬ್ಬ ಒಂದು ದಿನ ಹೆಚ್ಚಂತಾನ, ಇನ್ನೊಬ್ಬ ಎಲ್ಲಾ ದಿನ ಒಂದ ಅಂತಾನ, ಅವರವರು ತಮ್ಮ ಮನಸಿನಾಗ ಗಟ್ಟಿ ಇರಲಿ ಅನ್ನೋ ಮಾತು ಅದು.

ಸೀಲಪ್ಪ ಹಗ್ಗ ಮುಂದ ಹಿಡದು, ವಾರ ತಪ್ಪಿಸಿದ ಕೈಗೆ ಇದು ಬ್ಯಾಡ, ಯಾರರ ತಗೋರಿ ಅಂದ. ಗಿದ್ಯೋನಪ್ಪ ಎದ್ದು ಬಂದು ಆ ಹಗ್ಗ ತಮ್ಮನ ಕೈಯಾಗ ಮತ್ತ ಇಟ್ಟು ಮುಷ್ಟಿ ಮುಚ್ಚಿದ. “ಏಳನೇದು ಶನಿವಾರನ, ಅದರಾಗ ಎರಡು ಮಾತಿಲ್ಲ. ಆದ್ರ ತಮ್ಮನ್ನ ಬಿಟ್ಟು ಹೋಗು ಅಂತ ಇದರಾಗ ಎಲ್ಲೂ ಬರದಿಲ್ಲ. ಬಾರಿಸು” ಅಂದ.

ಅವತ್ತು ಗಂಟಿ ಹದಿನಾಕು ಊರಿಗೆ ಕೇಳಿತಂತ. ಸಂತಿಗೆ ಹೊಂಟ ಎತ್ತು ದಾರ್ಯಾಗ ನಿಂತು ಕಿವಿ ನಿಮಿರಿಸಿದ್ವಂತ. ಮೂವತ್ತೂ ಮನಿ ಕೂಡೇ ಒಳಗ ಹೋದ್ವು. ಮರುದಿನ ಖರೇ ಐತವಾರ ಮತ್ತ ಬಾರಿಸಿದ, ಮತ್ತ ಮೂವತ್ತೂ ಮನಿ ಬಂದ್ವು. ಎಲ್ಲಾರಿಗಿಂತ ಮುಂದ ಗಿದ್ಯೋನಪ್ಪ.

ಇವತ್ತಿಗೂ ಹೋಗಿ ನೋಡ್ರಿ. ಆ ಕೇರ್ಯಾಗ ಕೂಡೋದು ಐತವಾರನ. ಆದ್ರ ಶನಿವಾರ ಮಗ್ಗದ ಸಪ್ಪಳ ಕೇಳಂಗಿಲ್ಲ. ಸಂತಿಗೆ ಹೋಗೋರು ಹೋಗತಾರ, ಲಾಳಿ ಯಾರೂ ಮುಟ್ಟಂಗಿಲ್ಲ. ಗಂಟಿ ಬಾಜೂಕ ಒಂದು ಗಡಿಗಿ ಐತಿ, ಬಾರಿಸೋನು ದಿನಾ ಒಂದು ಹಳ್ಳು ಹಾಕತಾನ. ಐತವಾರ ಹಗ್ಗ ಹಿಡಿಯೋಕಿಂತ ಮೊದಲ ಕೇರಿ ಕಡೆ ತಿರುಗಿ, ನನ್ನ ಲೆಕ್ಕ ತಪ್ಪಿದ್ರ ಹೇಳ್ರೋ ಅಂತ ಕೂಗತಾನ. ಬಾಗಲ ಬಾಗಲದಿಂದ ಸಣ್ಣವರು ದೊಡ್ಡವರು ಎಲ್ಲಾರೂ ಒಂದ ದನಿಯಾಗ ಹೇಳತಾರ:

“ತಪ್ಪಿದ್ರೂ ಬಂದೀವಿ, ಬಾರಿಸೋ!”