ಖಾಲಿ ಬಟನ್

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ. ಶಾಲೆಗೆಂದು ಹೊರಟವನು ಶಾಲೆ ದಾಟಿ ಹೋದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ಆಮೇಲೆ ಎಷ್ಟೋ ಊರು, ಎಷ್ಟೋ ಕೆಲಸ. ಎಲ್ಲೂ ಕಾಲು ನಿಲ್ಲಲಿಲ್ಲ. ಹೀಗೇ ತಿರುಗುತ್ತ ಮಲಪ್ರಭೆಯ ದಂಡೆಗೆ ಬಂದೆ. ಅಲ್ಲಿ ನಾಟಕದವರ ರಂಗವೊಂದಿತ್ತು. ಅದಕ್ಕೆ ಬೆಳಕು ಬಿಡುವ ಮಡಿವಾಳಪ್ಪ ಮಾಸ್ತರು ಸಿಕ್ಕರು.

ಮೊದಲೆಲ್ಲ ಹಿಡಿಕೆ ಎಳೆದು ಬೆಳಕು ಏರಿಸಿ ಇಳಿಸಿದ ಮನುಷ್ಯ. ಈಗ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಪರದೆಯ ಮೇಲೆ ಚೌಕ ಚೌಕ ಬಟನ್ನುಗಳು. ಒಂದೊಂದರಲ್ಲಿ ಒಂದೊಂದು ಬೆಳಕು ತುಂಬಿಡುವುದು, ಆಟದ ಹೊತ್ತಿಗೆ ಒತ್ತುವುದು.

ನನಗೂ ಕಲಿಸಿದರು. ಬೇಗ ಕಲಿತೆ. ಅದೇ ತೊಂದರೆಯಾಯಿತು.

ಹೊಸ ನಾಟಕದಲ್ಲಿ ಹಿರಿಯ ನಟಿ ಫಕೀರವ್ವನವರದು ಅಕ್ಕನ ಪಾತ್ರ. ಊರು ಬಿಟ್ಟು ಹೋದ ತಮ್ಮನಿಗೂ ಸೇರಿಸಿ ಊಟದ ಎರಡು ಗಂಗಾಳ ಇಟ್ಟು ಕೂರುತ್ತಾಳೆ. ಮಾತಿಲ್ಲ. ಮೊದಲು ಸಂಜೆಯ ಬೆಳಕು, ಆಮೇಲೆ ದೀಪದ್ದು, ಆಮೇಲೆ ಕತ್ತಲು.

ನಾನು ಅವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದೆ. ಒಂದು ಬಟನ್ ಒತ್ತಿದರೆ ಸಾಕು, ಉಳಿದವು ಗಡಿಯಾರದಂತೆ ತಾವೇ ಬರುತ್ತವೆ.

ತಾಲೀಮಿನಲ್ಲಿ ಒತ್ತಿ, ಕೈಕಟ್ಟಿ ಕೂತೆ. ಅವರಿನ್ನೂ ಕೂತಿರುವಾಗಲೇ ಕತ್ತಲು ಬಂತು. ಕತ್ತಲೊಳಗಿಂದ ಫಕೀರವ್ವ ಕೂಗಿದರು.

“ಯಾವನಲೇ ಅಂವ! ನಾ ಇನ್ನೂ ಸತ್ತಿಲ್ಲೋ!”

ಮರುದಿನ ದೀಪದ ಬೆಳಕಿನ ಹೊತ್ತು ಹೆಚ್ಚಿಸಿದೆ. ಅಂದು ಅವರು ಬೇಗ ಎದ್ದು ಹೋದರು. ಬೆಳಕು ಬರಿ ಚಾಪೆಯ ಮೇಲೆ ನಿಂತೇ ಇತ್ತು.

“ಮಾಸ್ತರ, ಈ ಹುಡುಗ ಲೈಟಿಗೆ ಕುಂತ್ರ ನಾ ಬಣ್ಣ ಹಚ್ಚಂಗಿಲ್ಲ,” ಎಂದರು ಫಕೀರವ್ವ.

“ನಾಳಿನ ಆಟ ಒಂದು ನೋಡವ್ವಾ,” ಎಂದರು ಮಾಸ್ತರು. “ಸರಿಹೋಗಲಿಲ್ಲಂದ್ರ ಇವನ್ನ ರಂಗದ ಪರದೆ ಎಳಿಯಾಕ ಹಚ್ಚತೀನಿ.”

ಕಂಪ್ಯೂಟರಿನ ಮುಂದಿನ ಆ ಕುರ್ಚಿಯ ಮೇಲೆ ಕೂತಷ್ಟು ದಿನ ನಾನು ಬೇರೆಲ್ಲೂ ಕೂತಿರಲಿಲ್ಲ.

“ಅವ್ವಾರು ದಿನಾ ಒಂದೊಂದು ನಮೂನಿ ಕುಂಡ್ರತಾರ್ರಿ,” ಎಂದೆ. “ಮಷಿನ್ ಏನು ಮಾಡಬೇಕು?”

“ಮಷಿನ್ನಿಗೆ ಯಾರು ಬೈದ್ರಪಾ? ಗಂಟು ಬಿಚ್ಚು. ದೀಪಕ್ಕೂ ಕತ್ತಲಿಗೂ ನಡುವ ಹೊಸಾದೊಂದು ಬಟನ್ ಮಾಡು. ಒಳಗ ಏನೂ ತುಂಬಬ್ಯಾಡ.”

“ಏನೂ ಇಲ್ಲದ ಬಟನ್ ಯಾಕ್ರಿ?”

“ಕೈ ತುರಿಸಿದಾಗ ಒತ್ತಾಕ. ಒತ್ತಿ, ರಂಗದ ಮ್ಯಾಲೆ ಏನು ಬದಲಾತು ಅಂತ ನೋಡಿ ನನಗ ಹೇಳು.”

“ಏನೂ ಬದಲಾಗಂಗಿಲ್ಲಲ್ರಿ!”

“ನೋಡೂಕಿಂತ ಮೊದಲ ಹೇಳ್ತಿಯಲ್ಲೋ ಶಾಣ್ಯಾ!”

ಮಾಡಿದೆ. ಏನು ಹೆಸರಿಡಬೇಕೋ ತಿಳಿಯಲಿಲ್ಲ. ಬಣ್ಣ ಮಾತ್ರ ಕೊಟ್ಟೆ, ಜೋಳದ ಬಣ್ಣ.

ಆಟದ ದಿನ ದೀಪದ ಬೆಳಕು ಬಂತು. ಫಕೀರವ್ವ ಕೂತರು. ಕೂತೇ ಇದ್ದರು. ಜನರಲ್ಲಿ ಯಾರೋ ಕೆಮ್ಮಿದರು. ನನ್ನ ಬೆರಳು ಕತ್ತಲಿನ ಕಡೆ ಜಾರಿತು.

ತಡೆದು, ಖಾಲಿ ಬಟನ್ ಒತ್ತಿದೆ.

ಏನು ಬದಲಾಯಿತು? ಬೆಳಕು ಇದ್ದ ಹಾಗೇ ಇತ್ತು. ಚಾಪೆ ನೋಡಿದೆ. ಗಂಗಾಳ ನೋಡಿದೆ. ಆಮೇಲೆ ಅವರ ಕೈ ಕಂಡಿತು.

ಅಕ್ಕ, ಇದ್ದ ಒಂದೇ ರೊಟ್ಟಿ ಮುರಿದು ದೊಡ್ಡ ತುಂಡನ್ನು ಆಚೆಯ ಗಂಗಾಳಕ್ಕೆ ಇಟ್ಟಳು. ಸಣ್ಣದನ್ನು ಮೆಲ್ಲಗೆ ತಿಂದಳು. ತನ್ನ ಗಂಗಾಳವನ್ನು ತಮ್ಮನ ಗಂಗಾಳದ ಮೇಲೆ ಬೋರಲು ಮುಚ್ಚಿದಳು. ಸೆರಗಿಗೆ ಕೈ ಒರೆಸಿಕೊಂಡು ದೀಪದ ಕಡೆ ಬಗ್ಗಿದಳು.

ಆಗ ಕತ್ತಲು ಒತ್ತಿದೆ.

ಆಟ ಮುಗಿದ ಮೇಲೆ ಫಕೀರವ್ವ ಬಂದು ನನ್ನ ತಲೆಗೆ ಮೊಟಕಿದರು. “ಇವತ್ತು ಕಣ್ಣು ಬಂದಾವ ನೋಡ್ರಿ ಈ ಮೂಳಗ!”

“ಏನು ಬದಲಾತು?” ಎಂದರು ಮಾಸ್ತರು.

“ಲೈಟು ಒಂದೂ ಬದಲಾಗ್ಲಿಲ್ರಿ.”

“ಮತ್ತ?”

“ಸಣ್ಣ ತುಂಡು ತಾನು ಇಟ್ಕೊಂಡ್ಲುರಿ.”

ಮಾಸ್ತರು ತಮ್ಮ ಚಹಾದಲ್ಲಿ ಅರ್ಧವನ್ನು ಕಪ್ಪಿನಡಿಯ ಬಸಿಗೆ ಸುರಿದು ನನ್ನ ಕಡೆ ಸರಿಸಿದರು.

ಆ ಚಳಿಗಾಲವೆಲ್ಲ ಕುರ್ಚಿ ನನ್ನದೇ ಆಗಿತ್ತು. ಬಿಸಿಲು ಏರುತ್ತಿದ್ದಂತೆ ಕಾಲು ಮತ್ತೆ ಮಾತು ಕೇಳಲಿಲ್ಲ. ಒಂದು ಮುಂಜಾನೆ, ಕಂಪ್ಯೂಟರ್ ಇದ್ದ ಆ ಕೋಣೆಯಲ್ಲೇ ಕೂತು ಚೀಲ ತುಂಬುತ್ತಿದ್ದೆ. ಮಾಸ್ತರು ಬಾಗಿಲಲ್ಲಿ ನಿಂತರು.

“ಯಾಕ ಹೊಂಟಿ ಅಂತ ಕೇಳಂಗಿಲ್ಲೇನ್ರಿ?”

“ನೀ ಬಂದ ದಿನಾನ ನಿನ್ನ ಕಾಲು ನೋಡೀನಿ.”

“ಬ್ಯಾಡ ಅನ್ನಂಗಿಲ್ಲೇನ್ರಿ?”

“ಅಂದ್ರ ಇರ್ತಿಯೇನು?”

ನಾನು ಅಂಗಿ ಮಡಚಿದೆ. ಹೊರಗೆ ಫಕೀರವ್ವ ನನ್ನ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಚೀಲದ ದಾರ ಬಿಗಿದೆ.

ಮಾಸ್ತರು ಒಳಗೆ ಬಂದು ಕಂಪ್ಯೂಟರ್ ಹಚ್ಚಿದರು. ಪರದೆಯ ಮೇಲೆ ಜೋಳದ ಬಣ್ಣದ ಚೌಕ ಮೂಡಿತು.

“ಹೋಗಿ ಬಾರಪಾ,” ಎಂದರು. “ಹೋಗೂ ಮೊದಲು ಇದನ್ನೊಮ್ಮೆ ಒತ್ತಿ ಹೋಗು.”