ಬಿನೀತನ ಮಗ

‘ಕೆಳಗೆ’ ಎಂಬ ಅರ್ಥದ ಇಂಗ್ಲಿಷ್ ಪದ ಬಿನೀತ್ ಹಳೆಯ ನಿಘಂಟೊಂದರಲ್ಲಿ ಮಗನೊಂದಿಗೆ ಬಾಳುತ್ತಿದ್ದ. ಮಗನಿಗೂ ಅಪ್ಪನದೇ ಹೆಸರು. ಒಂದು ದಿನ ಕವಿಯ ಲೇಖನಿ ಬಂದು, “ನನ್ನ ಸಾಲಿನಲ್ಲಿ ಜಾಗ ಸಾಲದು. ಹೆಸರಿನ ಮೊದಲ ‘ಬಿ’ಯನ್ನು ಬಿಟ್ಟುಕೊಟ್ಟು ಬರುವವರು ಇದ್ದೀರಾ?” ಎಂದು ಕೇಳಿತು. ಮಗ ಎದ್ದು ನಿಂತ.

ಬಿನೀತ್ ಅವನನ್ನು ತಡೆದ. “ಬೇಡ ಮಗನೇ. ಹಳೆಯ ಇಂಗ್ಲಿಷಿನಲ್ಲಿ ‘ಬಿ’ ಅಂದರೆ ಬಳಿ, ‘ನೀತ್’ ಬಂದದ್ದು ‘ಕೆಳಗಿನಿಂದ’ ಎಂಬ ಮಾತಿನಿಂದ. ಎರಡೂ ಕೂಡಿದ್ದಕ್ಕೇ ನಾವು ಹುಟ್ಟಿದೆವು.”

“ಅಪ್ಪಾ, ಮೇಜಿನ ಕೆಳಗೆ, ಮಂಚದ ಕೆಳಗೆ ಎನ್ನುತ್ತಲೇ ನೀವು ಮುದುಕರಾದಿರಿ. ನಾನು ಹಾಡಿನಲ್ಲಿ ಬದುಕುತ್ತೇನೆ.”

ಲೇಖನಿ ‘ಬಿ’ಯನ್ನು ಕತ್ತರಿಸಿ, ಗಾಯದ ಮೇಲೆ, ಅಕ್ಷರ ಬಿಟ್ಟುಹೋಗಿದೆ ಎಂದು ತೋರಿಸುವ ಪುಟ್ಟ ಕೊಕ್ಕೆಯೊಂದನ್ನು ಎಳೆಯಿತು. ಮಗ ಬರೀ ನೀತ್ ಆದ. ಕೆಲಕಾಲ ಕವಿಗಳು ಅವನನ್ನು ಚಂದ್ರನ ಕೆಳಗೆ, ಹೂಬಳ್ಳಿಯ ಕೆಳಗೆ ಮೆರೆಸಿದರು. ಆಮೇಲೆ ಅವರ ರುಚಿ ಬದಲಾಯಿತು, ಅವನ ಸುದ್ದಿಯೇ ನಿಂತಿತು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಹೆಂಗಸು ಗೋರಿಯೊಂದರ ಮುಂದೆ ಕುಳಿತು, ಅದರ ಮೇಲಿನ ಪದವೊಂದರ ಅರ್ಥ ಹುಡುಕಲು ಆ ನಿಘಂಟನ್ನು ತೆರೆದಳು. ಪಾಚಿಗಟ್ಟಿದ ಕಲ್ಲಿನಲ್ಲಿ ಮಗನಿದ್ದ.

“ಇಲ್ಲೇನು ಮಾಡುತ್ತಿದ್ದೀಯಪ್ಪಾ?” ಎಂದ ಬಿನೀತ್.

“ಈ ಕಲ್ಲಿನ ಕೆಳಗೆ ಒಂದು ಕೂಸು ಮಲಗಿದೆ ಎಂದು ಬಂದವರಿಗೆ ಹೇಳುತ್ತಿದ್ದೇನೆ. ಬೇರೆಲ್ಲೂ ನನ್ನನ್ನು ಕರೆಯುವವರಿಲ್ಲ.”

“ಮನೆಗೆ ಬಂದುಬಿಡು.”

“ಕಲ್ಲಿನಲ್ಲಿ ಕೊರೆದಿದ್ದಾರೆ, ಅಪ್ಪಾ. ನೀವೇ ಸ್ವಲ್ಪ ಹೊತ್ತು ಇರಿ.”

ಬಿನೀತ್ ಇರುತ್ತೇನೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸಿಗೆ ಅರ್ಥ ಸಿಕ್ಕಿತು, ಅವಳು ನಿಘಂಟನ್ನು ಮುಚ್ಚಿದಳು.