ನೂರಕ್ಕೆ ತೊಂಬತ್ತೇಳು

"ನಮ್ಮ ರಾಜ್ಯದಲ್ಲಿ ಜಾಣರಿಗೆ ಓದು ಪುಕ್ಕಟೆ" ಎಂದು ಹೇಳಿಕೊಳ್ಳುವುದೆಂದರೆ ಸೋಮನಕೋಟೆಯ ದೊರೆ ವೀರಭೂಪನಿಗೆ ಬಲು ಇಷ್ಟ. ಪರರಾಜ್ಯದ ದೂತರು ಬಂದರೆ ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ಹೇಳುತ್ತಿದ್ದ.

ಅವನ ವಿದ್ಯಾಪೀಠದಲ್ಲಿ ವರ್ಷಕ್ಕೆ ನೂರು ವರಹ ಶುಲ್ಕ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಅದು ಮಾಫಿ. ಊಟ ವಸತಿಯೂ ಅರಮನೆಯದೇ. ಆದರೆ ಆರು ವರ್ಷದಲ್ಲಿ ಒಬ್ಬರೂ ಗೆದ್ದಿರಲಿಲ್ಲ. ಪೀಠದ ಮುಖ್ಯಸ್ಥ ತ್ರ್ಯಂಬಕ ಶಾಸ್ತ್ರಿಗಳು ನೂರು ಪ್ರಶ್ನೆ ಕೇಳುತ್ತಿದ್ದರು. ನೂರೂ ಸರಿಯಾಗಬೇಕು. ಒಂದು ತಪ್ಪಿದರೂ ಶುಲ್ಕ ಕಟ್ಟಬೇಕು, ಇಲ್ಲವೇ ಮನೆಗೆ ಹೋಗಬೇಕು. ಯಾಕೆ ಹೀಗೆ ಎಂದು ದೊರೆ ಒಮ್ಮೆ ಕೇಳಿದ್ದ. ನಾಡಿನಲ್ಲಿ ಪ್ರತಿಭೆಗೆ ಬರ ಬಂದಿದೆ ಎಂದಿದ್ದರು ಶಾಸ್ತ್ರಿಗಳು. ಖಜಾನೆ ಕರಗದೆ ಹೆಸರು ಬರುತ್ತಿದ್ದುದರಿಂದ ದೊರೆ ಮತ್ತೆ ಕೇಳಲಿಲ್ಲ.

ಆ ವರ್ಷ ಪರೀಕ್ಷೆಗೆ ಬಂದವಳು ನೇಕಾರ ಸಂಗಪ್ಪನ ಮಗಳು ಮಾಳವ್ವ. ಕೆರೆ ಏರಿ ಕಟ್ಟುವ ಗಣಿತ ಕಲಿಯಬೇಕೆಂಬುದು ಅವಳ ಆಸೆ. ತೊಂಬತ್ತೇಳು ಉತ್ತರ ಸರಿ ಹೇಳಿದಳು. ಶಾಸ್ತ್ರಿಗಳು ಬಾಗಿಲು ತೋರಿಸಿದರು.

ಎರಡು ದಿನ ಬಿಟ್ಟು ಆಸ್ಥಾನದ ವಿನೋದಗಾರ ಸಿದ್ಧರಸ ಪಂಚೆ ಕೊಳ್ಳಲು ಸಂಗಪ್ಪನ ಮನೆಗೆ ಹೋದ. ಅಲ್ಲಿ ಯಾರೋ ಮಗ್ಗವನ್ನು ಅಳೆಯುತ್ತಿದ್ದರು. ಮಗಳ ಓದಿಗಾಗಿ ಸಂಗಪ್ಪ ಅದನ್ನೇ ಮಾರಲು ಹೊರಟಿದ್ದ. ಮನೆಯ ಅನ್ನ ಬರುತ್ತಿದ್ದುದೇ ಆ ಮಗ್ಗದಿಂದ. ಸಿದ್ಧರಸ ಮಾಳವ್ವನನ್ನು ಪರೀಕ್ಷೆಯ ವಿಚಾರ ಕೇಳಿದ.

"ಏನು ಹೇಳಲಿ, ಒಡೆಯರೆ? ನನ್ನ ಒಂದೊಂದು ಉತ್ತರಕ್ಕೂ ಶಾಸ್ತ್ರಿಗಳು ಉತ್ತರ ಬರೆದ ಓಲೆ ನೋಡಿಕೊಂಡೇ ಸರಿ, ತಪ್ಪು ಅಂದರು" ಎಂದಳು ಹುಡುಗಿ.

ಸಿದ್ಧರಸ ಪಂಚೆಯನ್ನು ಮರೆತು ಎದ್ದ. ನಾಲ್ಕು ದಿನ ಮಗ್ಗ ಮಾರಬೇಡ ಎಂದು ಸಂಗಪ್ಪನಿಗೆ ಹೇಳಿ ಹೋದ.

ಮರುದಿನ ತುಂಬಿದ ಸಭೆಯಲ್ಲಿ ಅವನು ಶಾಸ್ತ್ರಿಗಳನ್ನು ಹೊಗಳಿದ್ದೇ ಹೊಗಳಿದ್ದು. ಇಂಥ ಪರೀಕ್ಷೆಯಲ್ಲಿ ನೂರಕ್ಕೆ ನೂರು ಯಾರಿಗೂ ಬಾರದು ಎಂದು ನೆರೆರಾಜ್ಯದವರು ನಗುತ್ತಿದ್ದಾರೆ, ಶಾಸ್ತ್ರಿಗಳೇ ಒಮ್ಮೆ ಉತ್ತರಿಸಿ ಅವರ ಬಾಯಿ ಮುಚ್ಚಿಸಬೇಕು ಎಂದ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ ಎಂದು ಶಾಸ್ತ್ರಿಗಳು ಶಲ್ಯ ಸರಿಪಡಿಸಿಕೊಂಡು ಪ್ರಶ್ನೋತ್ತರದ ಓಲೆ ತರಿಸಿದರು. ಆಗ ಸಿದ್ಧರಸ ಮಾಳವ್ವನನ್ನು ಕರೆಸಿ, ಓಲೆಯನ್ನು ಶಾಸ್ತ್ರಿಗಳ ಕೈಯಿಂದ ತೆಗೆದು ಅವಳ ಕೈಗೆ ಕೊಟ್ಟ.

ಹತ್ತನೆಯ ಪ್ರಶ್ನೆಗೆ ಶಾಸ್ತ್ರಿಗಳು ಕೆಮ್ಮಿದರು. ಇಪ್ಪತ್ತಕ್ಕೆ ನೀರು ಕೇಳಿದರು. ವಿದ್ಯಾಪೀಠ ಕಟ್ಟಿಸಿದ ಮಹಾರಾಜರ ಮುತ್ತಜ್ಜಿಯ ಹೆಸರೇನು ಎಂದಾಗ ದೊರೆಯ ಮುಖ ನೋಡಿದರು. ಅದು ದೊರೆಯದೇ ವಂಶ. ಆದರೂ ಅವನು ಛಾವಣಿ ನೋಡುತ್ತ ಕುಳಿತ. ಕೊನೆಗೆ ಮಾಳವ್ವ ಎಣಿಸಿ ಹೇಳಿದಳು: ಐವತ್ತೆಂಟು.

ಸಭೆಯಲ್ಲಿ ಪಿಸುಮಾತು ಎದ್ದಿತು. ಶಾಸ್ತ್ರಿಗಳು ಬೆವರು ಒರೆಸಿಕೊಂಡು, "ಇಷ್ಟು ಕಠಿಣ ಪರೀಕ್ಷೆಯಲ್ಲಿ ಐವತ್ತೆಂಟು ಬಂದರೂ ಅದು ಮಹಾಪ್ರತಿಭೆ, ಪ್ರಭು" ಎಂದರು.

ಸಿದ್ಧರಸ ಕೈಮುಗಿದ. "ನಾನೂ ಅದನ್ನೇ ಅರಿಕೆ ಮಾಡಬೇಕೆಂದಿದ್ದೆ. ಹಾಗಾದರೆ ತೊಂಬತ್ತೇಳಕ್ಕೆ ಏನೆನ್ನುತ್ತೀರಿ, ಗುರುಗಳೆ?"

ದೊರೆ ಮಾಳವ್ವನ ಶುಲ್ಕ ಮಾಫಿ ಮಾಡಿದ. ಇನ್ನು ಮುಂದೆ ಪ್ರತಿವರ್ಷ ಶಾಸ್ತ್ರಿಗಳೂ ಓಲೆಯಿಲ್ಲದೆ ಪರೀಕ್ಷೆಗೆ ಕೂರಬೇಕು, ಅವರಷ್ಟು ಅಂಕ ತೆಗೆದವರಿಗೆಲ್ಲ ಓದು ಪುಕ್ಕಟೆ ಎಂದು ಅಪ್ಪಣೆಯಾಯಿತು. ಮಗ್ಗ ಸಂಗಪ್ಪನ ಮನೆಯಲ್ಲೇ ಉಳಿಯಿತು.

ಮರುವರ್ಷ ಶಾಸ್ತ್ರಿಗಳ ಅಂಕ ಮುಟ್ಟಿ ಮೂವತ್ತೊಂದು ಮಂದಿ ಗೆದ್ದರು. ದೊರೆ ಖರ್ಚಿನ ಲೆಕ್ಕವನ್ನು ಎರಡೆರಡು ಸಲ ಎಣಿಸಿದ. ಸಿದ್ಧರಸನನ್ನು ಒಳಗೆ ಕರೆದು, ಮಾತು ತಪ್ಪಿದೆನೆಂಬ ಹೆಸರು ಬಾರದಂತೆ ಈ ಖರ್ಚನ್ನು ಇಳಿಸಲು ಏನಾದರೂ ದಾರಿ ಇದೆಯೇ ಎಂದು ಮೆಲ್ಲಗೆ ಕೇಳಿದ.

"ಇದೆ, ಪ್ರಭು" ಎಂದ ಸಿದ್ಧರಸ. "ಚೆನ್ನಾಗಿ ಓದಿಕೊಂಡು ಬನ್ನಿ ಅಂತ ಶಾಸ್ತ್ರಿಗಳಿಗೆ ಹೇಳಿ."